ನರಿಯ ಬಾಲದ ಬೆಳಕು

ಮೊನ್ನೆ ಮದುವೆಯೊಂದರ ಊಟದ ಪಂಕ್ತಿಯಲ್ಲಿ ಪಕ್ಕದ ಎಲೆಯವರು ಹೇಳುತ್ತಿದ್ದರು: "ಹೋದ ಡಿಸೆಂಬರ್‌ನಲ್ಲಿ ನಾರ್ದರ್ನ್ ಲೈಟ್ಸ್ ಮಾಡಿದ್ವಿ ಸಾರ್, ಈ ಸಲ ಕೀನ್ಯಾ ಮಾಡೋಣ ಅಂತ." ಕನ್ನಡದಲ್ಲಿ ಅಡುಗೆ ಮಾಡಬಹುದು, ಜಗಳ ಮಾಡಬಹುದು, ಸಾಲ ಮಾಡಬಹುದು, ಆ ಪ್ರವಾಸಕ್ಕೆ ಸಾಲವನ್ನೂ ಮಾಡಿರಬಹುದು. ಆಕಾಶದ ಬೆಳಕನ್ನು ಮಾಡುವುದು ಹೇಗೆ? ನೋಡುವುದು, ಕಾಣುವುದು ಎಂಬ ಮಾತುಗಳೆಲ್ಲ ಎಲ್ಲಿ ಹೋದವೋ.

ಟೀವಿಯವರು ಇದನ್ನು 'ಅರೋರಾ' ಅನ್ನುತ್ತಾರೆ. ನನಗೆ ದಿಲ್ಲಿ ಕಡೆಯ ಯಾರೋ ಅರೋರಾ ಸಾಹೇಬರ ಸುದ್ದಿಯೇನೋ ಅನಿಸುತ್ತದೆ. ಪತ್ರಿಕೆಗಳ ಪದ 'ಧ್ರುವಪ್ರಭೆ'. ಕಿವಿಗೆ ಸೊಗಸು, ಅರ್ಥಕ್ಕೆ ತಕರಾರು. ಧ್ರುವನೆಂದರೆ ಕದಲದವನು, ಈ ಬೆಳಕು ಕ್ಷಣವೂ ನಿಂತಲ್ಲಿ ನಿಲ್ಲುವುದಿಲ್ಲ. ಅದಿರುವುದು ಧ್ರುವದಲ್ಲೂ ಅಲ್ಲ. ಭೂಮಿಯ ಕಾಂತಧ್ರುವವನ್ನು ದೂರದಿಂದ ಬಳಸಿದ ಒಂದು ಉಂಗುರದಲ್ಲಿ ಅದರ ವಾಸ. ನಾರ್ವೆಯ ಟ್ರೊಮ್ಸೊ, ಸ್ವೀಡನ್ನಿನ ಅಬಿಸ್ಕೊ ಆ ಉಂಗುರದ ಅಡಿಯಲ್ಲಿವೆ. ಅವನ್ನು ದಾಟಿ ಉತ್ತರ ಧ್ರುವಕ್ಕೇ ಹೋಗಿ ನಿಂತವನಿಗೆ ಅಲ್ಲಿ ಕಂಡಷ್ಟು ಕಾಣುವುದಿಲ್ಲ.

ಫಿನ್ಲೆಂಡಿನವರ ಪದ ಮಾತ್ರ ನನಗೆ ಪ್ರಾಣ. ಅವರದು 'ರೆವೊನ್‌ತುಲೆತ್', ಅಂದರೆ ನರಿಬೆಂಕಿ. ಲ್ಯಾಪ್‌ಲೆಂಡಿನ ಹಿಮದ ಗುಡ್ಡಗಳ ಮೇಲೆ ನರಿಯೊಂದು ಓಡುತ್ತದಂತೆ. ಅದರ ಬಾಲ ಹಿಮಕ್ಕೆ ಬಡಿದಾಗ ಚಿಮ್ಮಿದ್ದು ಆಕಾಶಕ್ಕೇರಿ ಉರಿಯುತ್ತದಂತೆ. ಓದಿದೊಡನೆ ನಮ್ಮೂರ ಅಂಗಳ ಕಣ್ಣಮುಂದೆ ಬಂತು. ಬಿಸಿಲಿರುವಾಗಲೇ ಮಳೆ ಹನಿದರೆ ನಾವು ಹುಡುಗರು ಅಂಗಳಕ್ಕೆ ಹಾರಿ "ಕಾಗೆಗೂ ನರಿಗೂ ಮದುವೆ" ಎಂದು ಕೂಗುತ್ತಿದ್ದೆವು. ಗಂಡು ಯಾರು, ಹೆಣ್ಣು ಯಾರು ಎಂಬುದು ಇತ್ಯರ್ಥವಾಗಿರಲಿಲ್ಲ. ಛತ್ರ ಎಲ್ಲಿ, ಕಾಗೆಯ ಕಡೆಯವರು ಅಷ್ಟು ಜನ ಬಂದರೆ ನರಿಯ ಕಡೆಯವರು ಊಟಕ್ಕೆ ಏನು ಹಾಕುತ್ತಾರೆ ಎಂದೆಲ್ಲ ವಾದ. ಅಜ್ಜಿಯನ್ನು ಕೇಳಿದರೆ, "ನಿನ್ನನ್ನೇನೂ ಕರೆದಿಲ್ಲ, ನೆಗಡಿಯಾಗುತ್ತೆ, ಒಳಗೆ ಬಾ" ಎಂದಳು. ಜಪಾನಿನಲ್ಲೂ ಬಿಸಿಲು ಮಳೆ ನರಿಯ ಮದುವೆಯೇ. ರಾತ್ರಿ ದೂರದಲ್ಲಿ ಕಾಣುವ ಗೊತ್ತುಗುರಿಯಿಲ್ಲದ ದೀಪಗಳೂ ನರಿಯ ಲೆಕ್ಕಕ್ಕೇ. ನನ್ನ ಸಿದ್ಧಾಂತ ಇಷ್ಟೆ: ಬೆಳಕು ಹೊತ್ತಲ್ಲದ ಹೊತ್ತಲ್ಲಿ ಕಂಡರೆ ಮನುಷ್ಯ ಮೊದಲು ಅನುಮಾನಿಸುವುದು ನರಿಯನ್ನು. ಪಂಡಿತರು ಒಪ್ಪಲಿಕ್ಕಿಲ್ಲ, ಬೇಡ.

ಒಪ್ಪದವರಿಗೆ ಇನ್ನೊಂದು ಮಾತಿದೆ. ಬಾಲದ ವಿಷಯದಲ್ಲಿ ಫಿನ್ಲೆಂಡಿನವರೇ ಸರಿ! 1900ರ ಆಸುಪಾಸಿನಲ್ಲಿ ನಾರ್ವೆಯ ವಿಜ್ಞಾನಿ ಕ್ರಿಸ್ಟಿಯಾನ್ ಬಿರ್ಕೆಲಂಡ್ ಗಾಳಿ ತೆಗೆದ ಪೆಟ್ಟಿಗೆಯಲ್ಲಿ ಕಾಂತಗೋಲವೊಂದನ್ನು ತೂಗುಹಾಕಿ, ಅದಕ್ಕೆ ಎಲೆಕ್ಟ್ರಾನುಗಳನ್ನು ಹಾಯಿಸಿದರು. ಗೋಲದ ಎರಡೂ ಧ್ರುವಗಳ ಸುತ್ತ ಮಿನುಗುವ ಉಂಗುರಗಳು ಮೂಡಿದವು. ಕಣಗಳು ಸೂರ್ಯನಿಂದ ನೇರ ಬಂದು ಬೀಳುತ್ತವೆಂದು ಅವರ ಎಣಿಕೆ. ಉಪಗ್ರಹಗಳು ಬಂದ ಮೇಲೆ ತಿಳಿದದ್ದು ಬೇರೆ. ಸೂರ್ಯನಿಂದ ಹರಿದುಬರುವ ಕಣಗಳ ಗಾಳಿ ಭೂಮಿಯ ಕಾಂತಕ್ಷೇತ್ರವನ್ನು ರಾತ್ರಿಯ ಬದಿಗೆ ಎಳೆದು, ಚಂದ್ರನ ಕಕ್ಷೆಗೂ ಆಚೆ ಚಾಚುವ ಬಾಲ ಮಾಡುತ್ತದೆ. ವಿಜ್ಞಾನಿಗಳೂ ಅದನ್ನು ಬಾಲವೆಂದೇ ಕರೆಯುತ್ತಾರೆ. ಆ ಬಾಲ ಬಿಗಿದು ಬಿಗಿದು, ಅದರ ಕಾಂತರೇಖೆಗಳು ಕಡಿದು ಮತ್ತೆ ಕೂಡಿಕೊಂಡಾಗ ಎಲೆಕ್ಟ್ರಾನುಗಳು ಭೂಮಿಯ ಕಡೆ ದೌಡಾಯಿಸಿ ಮೇಲಿನ ಗಾಳಿಗೆ ಬಡಿಯುತ್ತವೆ. 100ರಿಂದ 150 ಕಿ.ಮೀ. ಎತ್ತರದಲ್ಲಿ ಆಮ್ಲಜನಕ ಹಸಿರಾಗುತ್ತದೆ; 200 ಕಿ.ಮೀ. ಮೇಲೆ ಅದೇ ಆಮ್ಲಜನಕ ಕೆಂಪು. ಕೆಂಪಿನದು ನಿಧಾನದ ಸ್ವಭಾವ. ಪೆಟ್ಟು ತಿಂದ ಪರಮಾಣು ಆ ಬೆಳಕನ್ನು ಬಿಡಲು ಸುಮಾರು ಎರಡು ನಿಮಿಷ ತೆಗೆದುಕೊಳ್ಳುತ್ತದೆ. ಕೆಳಗಿನ ದಟ್ಟ ಗಾಳಿಯಲ್ಲಿ ಅಷ್ಟರೊಳಗೆ ಇನ್ಯಾವುದಕ್ಕೋ ಡಿಕ್ಕಿ ಹೊಡೆದು ಶಕ್ತಿ ಕಳೆದುಕೊಂಡಿರುತ್ತದೆ. ಹಾಗಾಗಿ ಕೆಂಪಿಗೆ ಎತ್ತರವೇ ಗತಿ.

2024ರ ಮೇ ತಿಂಗಳ ಸೌರಬಿರುಗಾಳಿಯಲ್ಲಿ ಲಡಾಖಿನ ಹಾನ್ಲೆಯ ವೀಕ್ಷಣಾಲಯದ ಕ್ಯಾಮೆರಾಗಳು ಹಿಡಿದದ್ದೂ ಈ ಎತ್ತರದ ಕೆಂಪನ್ನೇ. ಆ ವೀಕ್ಷಣಾಲಯ ಬೆಂಗಳೂರಿನ ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಆಸ್ಟ್ರೊಫಿಸಿಕ್ಸ್‌ನದು. ಅಲ್ಲಿನ ದೊಡ್ಡ ದೂರದರ್ಶಕವನ್ನು ನಡೆಸುವುದು ನಮ್ಮ ಹೊಸಕೋಟೆಯಲ್ಲಿ ಕೂತು. ಅಂದಮೇಲೆ ನಾರ್ವೆಗೆ ಹೋದವರಷ್ಟೇ ಇದರ ಮಾತಾಡಬೇಕೆಂದಿಲ್ಲ.

ಪಠ್ಯಪುಸ್ತಕ ಬರೆಯುವ ಮೇಷ್ಟ್ರುಗಳಲ್ಲಿ ನನ್ನ ಕೋರಿಕೆ: ಧ್ರುವಪ್ರಭೆ ಎಂದೇ ಬರೆಯಿರಿ, ಈಗ ಹೆಸರು ಬದಲಿಸಿದರೆ ಮಕ್ಕಳಿಗೆ ಉರುಹೊಡೆಯಲು ಇನ್ನೊಂದು ಪದ. ಆದರೆ ಸೂರ್ಯನ ಕಣಗಳು ನೆಟ್ಟಗೆ ಬಂದು ಧ್ರುವದ ಮೇಲೆ ಬೀಳುತ್ತವೆ ಎಂಬ ಸಾಲನ್ನು ದಯವಿಟ್ಟು ತೆಗೆದುಹಾಕಿ, ಆ ಜಾಗದಲ್ಲಿ ಉಂಗುರದ ಚಿತ್ರವನ್ನೂ ಬಾಲದ ಚಿತ್ರವನ್ನೂ ಹಾಕಿ.