ಹಿಮಸಾಗರದ ಹುಳುಗಳಿಗೆ ಹೆಸರಿಟ್ಟವರು

1768ರಲ್ಲಿ ಧರ್ಮಪ್ರಸಾರಕ್ಕೆಂದು ಗ್ರೀನ್‌ಲೆಂಡಿನ ನೈರುತ್ಯ ತೀರದಲ್ಲಿ ಬಂದಿಳಿದ ಡೇನಿಷ್ ಪಾದ್ರಿ ಆಟ್ಟೋ ಫಾಬ್ರಿಸಿಯಸನು, ಅಲ್ಲಿನ ಇನ್ಯೂಟ್ ಜನರ ನುಡಿಯನ್ನು ಕಲಿತು, ಅವರಂತೆಯೇ ಚರ್ಮದ ದೋಣಿಯನ್ನೇರಿ ಸೀಲ್ ಬೇಟೆಗೆ ಹೋಗುತ್ತ, ತಿಮಿಂಗಿಲದಿಂದ ಮೊದಲ್ಗೊಂಡು ಕೆಸರಿನಲ್ಲಿ ಹರಿಯುವ ಹುಳುವಿನವರೆಗೆ ಕಣ್ಣಿಗೆ ಬಿದ್ದ ಜೀವಿಗಳನ್ನೆಲ್ಲ ಶ್ರದ್ಧೆಯಿಂದ ಪರಿಶೀಲಿಸಿದನು. ಸ್ವದೇಶಕ್ಕೆ ಮರಳಿದ ಮೇಲೆ 1780ರಲ್ಲಿ ಆತನು ಪ್ರಕಟಿಸಿದ ‘ಫೌನಾ ಗ್ರೋನ್‌ಲಾಂಡಿಕಾ’ ಎಂಬ ಲ್ಯಾಟಿನ್ ಗ್ರಂಥದಲ್ಲಿ, ತೆಳ್ಳಗಿನ ಕೆಂಪು ಹುಳುವೊಂದು ಎರೆಹುಳುವಿನ ಕುಲಕ್ಕೆ ಸೇರಿ ‘ಲುಂಬ್ರಿಕಸ್ ಕ್ಯಾಪಿಟೇಟಸ್’ ಎಂಬ ನಾಮಧೇಯವನ್ನು ಪಡೆಯಿತು. ಧ್ರುವಸಮುದ್ರದ ಹುಳುಗಳ ನಾಮಕರಣದ ಇತಿಹಾಸವನ್ನು ಈ ಗ್ರಂಥದಿಂದ ಆರಂಭಿಸುವುದು ಉಚಿತವಾದುದು.

ಫಾಬ್ರಿಸಿಯಸನಿಗೆ ದೊರೆತಿದ್ದ ವರ್ಗೀಕರಣವಾದರೋ ಬಹು ಸ್ಥೂಲವಾದುದು. ಲಿನೀಯಸನು 1758ರಲ್ಲಿ ಶಂಖ, ನಕ್ಷತ್ರಮೀನು, ಹುಳು ಇವೆಲ್ಲವನ್ನೂ ‘ವರ್ಮಿಸ್’ ಎಂಬ ಒಂದೇ ವರ್ಗದಲ್ಲಿ ಕೂಡಿಹಾಕಿದ್ದನು. ದೇಹವು ಉಂಗುರ ಉಂಗುರವಾಗಿ ವಿಭಾಗಗೊಂಡಿರುವ ಪ್ರಾಣಿಗಳನ್ನು ಪ್ರತ್ಯೇಕಿಸಿ 1802ರಲ್ಲಿ ಅವಕ್ಕೆ ವಲಯವಂತಗಳೆಂಬ ಸ್ಥಾನವನ್ನು ಕೊಟ್ಟವನು ಲಮಾರ್ಕ್. ಅವುಗಳಲ್ಲಿಯೂ ಒಂದೊಂದು ವಲಯದ ಇಕ್ಕೆಲಗಳಲ್ಲಿ ಬಿರುಗೂದಲುಗಳ ಕುಚ್ಚನ್ನು ಧರಿಸಿದ ಸಮುದ್ರವಾಸಿಗಳನ್ನು 1850ರ ಹೊತ್ತಿಗೆ ಪಾಲಿಕೀಟಗಳೆಂದು ಬೇರ್ಪಡಿಸಿದವನು ಜರ್ಮನ್ ವಿದ್ವಾಂಸ ಗ್ರೂಬೆ.

ಅಷ್ಟರಲ್ಲಿ ಆಳಸಮುದ್ರವೂ ಮೌನವನ್ನು ಮುರಿದಿತ್ತು. 1818ರಲ್ಲಿ ಬ್ಯಾಫಿನ್ ಕೊಲ್ಲಿಯನ್ನು ಶೋಧಿಸುತ್ತಿದ್ದ ಜಾನ್ ರಾಸ್, ಸುಮಾರು 1000 ಮಾರು, ಎಂದರೆ ಹೆಚ್ಚುಕಡಮೆ 1800 ಮೀಟರು ಆಳದಿಂದ ಮೇಲೆತ್ತಿಸಿದ ಕೆಸರಿನಲ್ಲಿ ಜೀವಂತ ಹುಳುಗಳಿದ್ದುವು. ಆದರೂ ಎಡ್ವರ್ಡ್ ಫೋರ್ಬ್ಸನು 1843ರಲ್ಲಿ, 300 ಮಾರುಗಳಿಂದ ಕೆಳಗೆ ಜೀವವಿರಲಾರದೆಂದು ಊಹಿಸಿದನು. ಆ ಊಹೆಯು ವಿದ್ವತ್ಸಮಾಜದಲ್ಲಿ ಬಹುಕಾಲ ಮನ್ನಣೆಯನ್ನು ಪಡೆದಿತ್ತು. 1872ರಿಂದ 1876ರವರೆಗೆ ಭೂಮಂಡಲವನ್ನು ಸುತ್ತಿ, 1874ರ ಫೆಬ್ರವರಿಯಲ್ಲಿ ದಕ್ಷಿಣ ಧ್ರುವವೃತ್ತವನ್ನೂ ದಾಟಿದ ‘ಚಾಲೆಂಜರ್’ ನೌಕೆಯು ಸಾಗರಗಳ ಅಗಾಧದಿಂದ ಜೀವರಾಶಿಯನ್ನು ತಂದು ರಾಶಿಹಾಕಿದ ಮೇಲೆ ಸಂದೇಹಕ್ಕೆ ಎಡೆಯುಳಿಯಲಿಲ್ಲ. ಅದರ ಪಾಲಿಕೀಟಗಳನ್ನು ಕುರಿತು ಸ್ಕಾಟ್ಲೆಂಡಿನ ಮೆಕಿಂಟಾಷ್ 1885ರಲ್ಲಿ ಹೊರತಂದ ಬೃಹತ್ಸಂಪುಟವು ಇಂದಿಗೂ ಆಧಾರಗ್ರಂಥವಾಗಿದೆ.

ಹುಳುವಿಗೆ ಹೆಸರಿಡುವ ಕಾರ್ಯವೆಂತಹುದೆಂಬುದನ್ನು ಇಲ್ಲಿ ಕೊಂಚ ಸಮೀಪದಿಂದ ನೋಡಬೇಕು. ಮದ್ಯಸಾರದಲ್ಲಿ ಮುಳುಗಿದ ಹುಳುವಿನ ಬಣ್ಣವು ಮಾಸಿಹೋಗುತ್ತದೆ, ದೇಹವು ಕುಗ್ಗುತ್ತದೆ. ಮಾರ್ಪಡದೆ ಉಳಿಯುವುದು ಬಹುಮಟ್ಟಿಗೆ ಬಿರುಗೂದಲೊಂದೇ. ಆದುದರಿಂದ ಪರೀಕ್ಷಕನು ಪಾರ್ಶ್ವದ ಒಂದು ಪಾದವನ್ನು ಕತ್ತರಿಸಿ, ಗಾಜಿನ ಫಲಕದ ಮೇಲಿಟ್ಟು, ಮೇಲಣ ಕುಚ್ಚಿನ ಕೂದಲು ನುಣುಪೋ ಗರಗಸದಂತೆ ಹಲ್ಲುಳ್ಳುದೋ, ಕೆಳಗಣದರ ತುದಿ ಒಂದು ಮೊನೆಯದೋ ಸೀಳಿದುದೋ ಎಂಬುದನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ಚಿತ್ರಿಸಿಕೊಳ್ಳುತ್ತಾನೆ. 1861 ಮತ್ತು 1864ರಲ್ಲಿ ಸ್ಪಿಟ್ಸ್‌ಬರ್ಗೆನ್ನಿಗೆ ಸ್ವೀಡಿಷ್ ಯಾತ್ರೆಗಳೊಡನೆ ಹೋಗಿದ್ದ ಫಿನ್ಲೆಂಡಿನ ಮಾಲ್ಮ್‌ಗ್ರೆನ್, 1867ರ ತನ್ನ ಗ್ರಂಥದಲ್ಲಿ ಉತ್ತರಸಮುದ್ರಗಳ ಹುಳುಗಳನ್ನು ವಿಂಗಡಿಸಿದುದು ಇಂತಹ ಪರಿಶೀಲನೆಯಿಂದಲೇ. ಕಣ್ಣು ಮೋಸಹೋಗುವ ಸಂದರ್ಭಗಳೂ ಉಂಟು. ಮಾಸನ್‌ನ ನೇತೃತ್ವದಲ್ಲಿ 1929ರಿಂದ 1931ರವರೆಗೆ ನಡೆದ ದಕ್ಷಿಣಧ್ರುವ ಯಾತ್ರೆಯ ಸಂಗ್ರಹವನ್ನು ಅಭ್ಯಸಿಸಿ ಬ್ರಿಟಿಷ್ ಮ್ಯೂಸಿಯಮ್ಮಿನ ಮನ್ರೋ 1939ರಲ್ಲಿ ‘ಯೂಲಾಜಿಸ್ಕಾ ಜೈಗಾಂಟಿಯಾ’ ಎಂದು ಹೆಸರಿಟ್ಟ ಗೇಣುದ್ದದ ಹುಳುವಿನಲ್ಲಿ, ದವಡೆಗಳನ್ನು ಚಾಚಿ ಭಯಂಕರವಾಗಿ ಕಾಣುವ ಮುಂಭಾಗವನ್ನು ನೋಡಿದವರು ಅದನ್ನೇ ತಲೆಯೆಂದು ಭ್ರಮಿಸುತ್ತಾರೆ. ಅದು ಹೊರಚಾಚಿದ ಗಂಟಲು; ನಿಜವಾದ ಶಿರಸ್ಸು ಅದರ ಹಿಂದೆ ಮೇಲ್ಗಡೆ ಚಿಕ್ಕದಾಗಿ ಹುದುಗಿರುತ್ತದೆ.

ಒಂದೊಂದು ದೇಶದ ಯಾತ್ರೆಯೂ ತನ್ನ ಭರಣಿಗಳನ್ನು ಒಬ್ಬೊಬ್ಬ ವಿದ್ವಾಂಸನಿಗೆ ಒಪ್ಪಿಸಿತು: ಜರ್ಮನರದು ಏಲರ್ಸ್‌ಗೆ, ಫ್ರೆಂಚರದು ಗ್ರಾವ್ಯೇಗೆ, ಆಸ್ಟ್ರೇಲಿಯನರದು ಬೆನ್‌ಹ್ಯಾಮ್‌ಗೆ. ಹಲವು ಭಾಷೆಗಳಲ್ಲಿ ಹರಡಿಹೋಗಿದ್ದ ಈ ವಿವರಣೆಗಳನ್ನು ಒಂದುಗೂಡಿಸಿ, ಒಂದೇ ಹುಳುವಿಗೆ ಬಿದ್ದಿದ್ದ ಹಲವು ಹೆಸರುಗಳಲ್ಲಿ ಮೊದಲಿನದನ್ನು ನಿಲ್ಲಿಸಿ, 1964 ಮತ್ತು 1966ರಲ್ಲಿ ದಕ್ಷಿಣಧ್ರುವದ ಪಾಲಿಕೀಟಗಳ ಎರಡು ಸಂಪುಟಗಳನ್ನು ರಚಿಸಿದವರು ಅಮೆರಿಕದ ಓಲ್ಗಾ ಹಾರ್ಟ್‌ಮನ್. ಸಮುದ್ರಯಾನದ ಕೀರ್ತಿಗೆ ಪಾಲುದಾರರಾಗದೆ, ಪರರು ತಂದುದನ್ನು ಸುಸ್ಥಿತಿಗೆ ತರುವ ಇಂತಹ ದುಡಿಮೆಯಿಲ್ಲದಿದ್ದರೆ ಯಾತ್ರೆಗಳ ಫಲವೆಲ್ಲವೂ ಭರಣಿಗಳಲ್ಲಿಯೇ ಉಳಿದುಬಿಡುತ್ತಿತ್ತು.

ಫಾಬ್ರಿಸಿಯಸನ ಹುಳುವು 1828ರಲ್ಲಿ ಎರೆಹುಳುವಿನ ಕುಲವನ್ನು ಬಿಟ್ಟು ‘ಕ್ಯಾಪಿಟೆಲ್ಲಾ’ ಎಂಬ ಹೊಸ ಕುಲವನ್ನು ಸೇರಿತು; ತರುವಾಯ ಲೋಕದ ನಾನಾ ಸಮುದ್ರಗಳ ಮಲಿನವಾದ ಕೆಸರಿನಲ್ಲಿ ಕಂಡ ತತ್ಸದೃಶ ಹುಳುಗಳೆಲ್ಲಕ್ಕೂ ಅದೇ ಹೆಸರು ಸಂದಿತು. 1976ರಲ್ಲಿ ಗ್ರಾಸಲ್ ದಂಪತಿಗಳು ಅಂತಹ ಹುಳುಗಳ ಕಿಣ್ವಗಳನ್ನೂ ಸಂತಾನಕ್ರಮವನ್ನೂ ಹೋಲಿಸಿ ನೋಡಿದಾಗ, ಒಂದೇ ಹೆಸರಿನ ಮರೆಯಲ್ಲಿ ಆರು ಬೇರೆ ಬೇರೆ ಜಾತಿಗಳಿದ್ದುವು. ಹಾಗಾದರೆ ಮೂಲನಾಮಕ್ಕೆ ಹಕ್ಕುದಾರನಾವುದು? ಫಾಬ್ರಿಸಿಯಸನು ಪರೀಕ್ಷಿಸಿದ ಹುಳುವಿನ ಮಾದರಿ ಉಳಿದಿರಲಿಲ್ಲ. ಕೊನೆಗೆ 2009ರಲ್ಲಿ ಬ್ಲೇಕ್ ಎಂಬ ವಿಜ್ಞಾನಿಯು ಪಶ್ಚಿಮ ಗ್ರೀನ್‌ಲೆಂಡಿನ ಹುಳುಗಳನ್ನೇ ಪರೀಕ್ಷಿಸಿ, ಪುನರ್ವಿವರಿಸಿ, ಹೊಸ ಪ್ರಮಾಣಮಾದರಿಯನ್ನು ಸ್ಥಾಪಿಸಿದನು. ಈಚಿನ ವಂಶವಾಹಿ ಪರಿಶೋಧನೆಯಾದರೋ ಎರೆಹುಳು, ಜಿಗಣೆಗಳೂ ಪಾಲಿಕೀಟಗಳ ವಂಶವೃಕ್ಷದಲ್ಲಿಯೇ ಕವಲೊಡೆದುವೆಂದು ತೋರಿಸಿ, ಗ್ರೂಬೆಯ ವಿಭಾಗವನ್ನೂ ಸಡಿಲಿಸಿದೆ.

ಹೆಸರು ಸತ್ಯವಾಗಿ ನಿಲ್ಲಬೇಕಾದರೆ ಅದಕ್ಕೆ ಸಂರಕ್ಷಿತವಾದ ಒಂದು ದೇಹವೂ, ಅದು ದೊರೆತ ಸ್ಥಳವನ್ನು ತಿಳಿಸುವ ಒಂದು ಚೀಟಿಯೂ ಬೇಕು. ಇವೆರಡರಲ್ಲಿ ಒಂದು ತಪ್ಪಿದರೂ ಮುಂದಿನವರು ಶತಮಾನಗಳ ಗೊಂದಲವನ್ನು ಬಿಡಿಸಬೇಕಾಗುತ್ತದೆ. ಧ್ರುವಸಾಗರಗಳ ನೀರು ಬಿಸಿಯೇರುತ್ತಿರುವ ಈ ದಿನಗಳಲ್ಲಿ, ಅಲ್ಲಿ ಯಾವ ಜೀವಿ ಕುಗ್ಗಿತು, ಯಾವುದು ಹೊಸದಾಗಿ ಬಂದಿತು ಎಂಬ ಪ್ರಶ್ನೆಗೆ ಉತ್ತರ ಹೇಳಬೇಕಾದವರು ಮೊದಲು ಅಲ್ಲಿ ಏನಿತ್ತೆಂಬುದನ್ನು ಬಲ್ಲವರಾಗಿರಬೇಕು. ಆ ಬಲ್ಮೆಯನ್ನು ನಮಗೆ ಉಳಿಸಿಕೊಟ್ಟವರು ಈ ನಾಮಕಾರರು. ಅವರ ಭರಣಿಗಳನ್ನು ಕಾಪಾಡುವುದೂ, ಅವರ ವಿದ್ಯೆಯನ್ನು ಕಲಿಯುವ ತರುಣರಿಗೆ ಅನ್ನವನ್ನೂ ಅವಕಾಶವನ್ನೂ ಒದಗಿಸುವುದೂ ನಮ್ಮ ಕಾಲದ ಕರ್ತವ್ಯ.