ಸ್ಕೂಬಾ ಅನಿಲ ವಿಶ್ಲೇಷಕದ ಆಯ್ಕೆ: ನಿಖರತೆಗಿಂತ ಮೊದಲು ಪರೀಕ್ಷಾರ್ಹತೆ

ಸ್ಕೂಬಾ ಸಿಲಿಂಡರಿನೊಳಗಿನ ಅನಿಲವನ್ನು ಅಳೆಯುವ ಉಪಕರಣಗಳನ್ನು ಬೆಲೆ ಮತ್ತು ಪರದೆಯ ಮೇಲಿನ ದಶಮಾಂಶ ಸ್ಥಾನಗಳನ್ನು ನೋಡಿ ಆರಿಸುವ ರೂಢಿಯಿದೆ. ಈ ಲೇಖನದ ವಾದ ಬೇರೆ. ತಾನು ತಪ್ಪು ಹೇಳುತ್ತಿರುವುದನ್ನು ಪತ್ತೆಹಚ್ಚಲು ಬಳಸುವವನಿಗೆ ಅವಕಾಶ ಕೊಡುವ ಉಪಕರಣವೇ ಕೊಳ್ಳಲು ತಕ್ಕದ್ದು. ಮಿಕ್ಕ ಗುಣಗಳ ಲೆಕ್ಕ ಆಮೇಲೆ. ಏಕೆಂದರೆ ತಪ್ಪು ಅಂಕಿ ಜೀವಕ್ಕೇ ಅಪಾಯ. ಆಮ್ಲಜನಕದ ಆಂಶಿಕ ಒತ್ತಡದ (ಒಟ್ಟು ಒತ್ತಡದಲ್ಲಿ ಅದರ ಪಾಲಿನ) ಮಿತಿಯನ್ನು 1.4 ಬಾರ್ ಎಂದು ಹಿಡಿದರೆ, 32% ಆಮ್ಲಜನಕವಿರುವ ನೈಟ್ರಾಕ್ಸ್‌ನೊಂದಿಗೆ ಸುಮಾರು 34 ಮೀಟರ್ ಇಳಿಯಬಹುದು. 36% ಇದ್ದರೆ 29 ಮೀಟರಿನ ಹತ್ತಿರವೇ ನಿಲ್ಲಬೇಕು. ಮಿತಿ ಮೀರಿದಾಗ ಮುನ್ಸೂಚನೆಯೇ ಇಲ್ಲದೆ ಫಿಟ್ಸ್ ಬರಬಹುದು. ನೀರಿನಡಿಯಲ್ಲಿ ಅದರಿಂದ ರೆಗ್ಯುಲೇಟರ್ ಬಾಯಿಂದ ಕಳಚಿ ಡೈವರ್ ಮುಳುಗಿ ಸಾಯುವ ಸಂಭವವಿದೆ.

ಬಳಕೆಯಲ್ಲಿರುವ ಬಹುಪಾಲು ಆಮ್ಲಜನಕ ವಿಶ್ಲೇಷಕಗಳ ಒಡಲು ಒಂದು ಗ್ಯಾಲ್ವಾನಿಕ್ ಸೆಲ್. ಒಳಗೆ ಸೀಸದ ಆನೋಡ್ ಮತ್ತು ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ ಇರುತ್ತವೆ. ಪೊರೆಯ ಮೂಲಕ ಒಳಬಂದ ಆಮ್ಲಜನಕ ಕೆಲವು ಮಿಲಿವೋಲ್ಟ್‌ಗಳ ಸಂಕೇತವನ್ನು ಹುಟ್ಟಿಸುತ್ತದೆ. ಈ ಸೆಲ್ ಅಳೆಯುವುದು ಶೇಕಡಾವಾರನ್ನಲ್ಲ, ಆಂಶಿಕ ಒತ್ತಡವನ್ನು. ಶೇಕಡಾವಾರು ಎಂಬುದು ಉಪಕರಣ ಮಾಡಿಕೊಳ್ಳುವ ಅನುಮಾನ. ಹಾಗಾಗಿ ಅನಿಲವನ್ನು ರಭಸವಾಗಿ ಹಾಯಿಸಿದರೆ ಸೆಲ್ಲಿನ ಮುಂದೆ ಒತ್ತಡ ಏರಿ ಅಂಕಿಯೂ ಏರುತ್ತದೆ. ತೇವದ ಪ್ರಭಾವ ಇನ್ನೂ ಸೂಕ್ಷ್ಮ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆ, 80% ಸಾಪೇಕ್ಷ ತೇವಾಂಶವಿರುವ ಕಡಲತೀರದ ಗಾಳಿಯಲ್ಲಿ ನೀರಾವಿಯೇ ಶೇಕಡಾ ಮೂರಕ್ಕೂ ಹೆಚ್ಚು ಜಾಗ ಹಿಡಿಯುವುದರಿಂದ ಆಮ್ಲಜನಕದ ನಿಜವಾದ ಪಾಲು ಸುಮಾರು 20.2%ಕ್ಕೆ ಇಳಿಯುತ್ತದೆ. ಅದನ್ನೇ 20.9 ಎಂದು ನಂಬಿಸಿ ಹೊಂದಿಸಿದ ಉಪಕರಣ, ಸಿಲಿಂಡರಿನ ಒಣ ಅನಿಲದಲ್ಲಿ 32 ಇದ್ದರೆ 33 ಎನ್ನುತ್ತದೆ. ಆಳದ ಮಿತಿಯ ಮಟ್ಟಿಗೆ ಈ ತಪ್ಪು ಡೈವರನ ಪರವಾಗಿದೆ. ಸಾರಜನಕವನ್ನು ಕಡಿಮೆ ಎಂದು ಎಣಿಸುವಂತೆ ಮಾಡುವುದರಿಂದ ಡಿಕಂಪ್ರೆಷನ್ (ದೇಹದಲ್ಲಿ ಕರಗಿದ ಅನಿಲ ಹೊರಹೋಗುವಂತೆ ನಿಧಾನವಾಗಿ ಮೇಲೇರುವ) ಲೆಕ್ಕದಲ್ಲಿ ಅವನಿಗೆ ವಿರುದ್ಧ. ಎರಡನೆಯ ದಶಮಾಂಶ ತೋರಿಸುವ ಪರದೆ ಇಲ್ಲಿ ಯಾವ ನೆರವಿಗೂ ಬಾರದು. ಬೇಕಿರುವುದು ಸಾಮಾನ್ಯ ಗಾಳಿ ತುಂಬಿದ ಸಿಲಿಂಡರಿನಿಂದಲೇ, ಅದೇ ಹರಿವಿನಲ್ಲಿ, ಹೊಂದಿಸಿಕೊಳ್ಳುವ ಅನುಕೂಲ ಮತ್ತು ಹರಿವನ್ನು ಕಟ್ಟಿಹಾಕುವ ಒಂದು ರೆಸ್ಟ್ರಿಕ್ಟರ್.

ಒಂದು ಶೇಕಡಾದ ವ್ಯತ್ಯಾಸಕ್ಕೆ ಇಷ್ಟು ತಲೆಕೆಡಿಸಿಕೊಳ್ಳಬೇಕೇ ಎಂಬ ಆಕ್ಷೇಪ ನ್ಯಾಯವಾದದ್ದೇ. 32ರ ಬದಲು 33 ಇದ್ದರೆ ಆಳದ ಮಿತಿ ಬದಲಾಗುವುದು ಒಂದೂಕಾಲು ಮೀಟರಿನ ಆಸುಪಾಸು. ಮನರಂಜನೆಗಾಗಿ ಇಳಿಯುವವನಿಗೆ ಅದು ಸಹ್ಯ. ಆದರೆ ಈ ಸಮಾಧಾನ ಸೆಲ್ ಆರೋಗ್ಯವಾಗಿರುವವರೆಗೆ ಮಾತ್ರ. ಸೀಸ ಸವೆದ ಹಳೆಯ ಸೆಲ್ ಗಾಳಿಯಲ್ಲಿ ನಿಷ್ಠೆಯಿಂದ 20.9 ತೋರಿಸಿ, ಹೆಚ್ಚು ಆಮ್ಲಜನಕ ಎದುರಾದಾಗ ಸಂಕೇತವನ್ನು ಏರಿಸಲಾರದೆ ಕುಸಿಯಬಹುದು. ಆಗ ನಿಜವಾಗಿ 50% ಇರುವ ಡಿಕಂಪ್ರೆಷನ್ ಅನಿಲ 46 ಎಂದು ಕಂಡಿತೆನ್ನಿ. 1.6 ಬಾರ್ ಮಿತಿಯಲ್ಲಿ ಡೈವರ್ 22 ಮೀಟರಿಗೆ ಬದಲು 24.8 ಮೀಟರಿನಲ್ಲಿ ಅದನ್ನು ಉಸಿರಾಡಲು ತೊಡಗುತ್ತಾನೆ, ಅಲ್ಲಿನ ಆಂಶಿಕ ಒತ್ತಡ 1.74 ಬಾರ್. ಗಾಳಿಯೊಂದರಲ್ಲೇ ಹೊಂದಿಸುವ ಉಪಕರಣ ಈ ರೋಗವನ್ನು ಎಂದೂ ಬಯಲುಮಾಡದು. ಶುದ್ಧ ಆಮ್ಲಜನಕದಲ್ಲಿ ಎರಡನೆಯ ಪರೀಕ್ಷೆ, ಮಿಲಿವೋಲ್ಟ್ ಅಂಕಿಯನ್ನೇ ತೋರಿಸುವ ಪರದೆ, ಬಳಸುವವನೇ ಬದಲಿಸಬಹುದಾದ ಸೆಲ್ ಇವು ಮೂರೂ ಇದ್ದರೆ ಬಯಲಾಗುತ್ತದೆ. ಸೀಸವಿಲ್ಲದ ಆಪ್ಟಿಕಲ್ ಸೆನ್ಸರುಗಳು ಬಂದಿರುವುದರಿಂದ ಈ ತಕರಾರು ಮುಗಿಯಿತು ಎನ್ನುವವರಿದ್ದಾರೆ. ಸೀಸ ಸವೆಯುವ ಸಮಸ್ಯೆ ಅಲ್ಲಿಲ್ಲ, ನಿಜ. ಆಂಶಿಕ ಒತ್ತಡವನ್ನೇ ಅಳೆಯುವುದರಿಂದ ಹರಿವು, ತೇವಗಳ ಪ್ರಶ್ನೆ ಅಲ್ಲೂ ಉಳಿಯುತ್ತದೆ.

ಹೀಲಿಯಂ ಬೆರೆಸುವ ತಾಂತ್ರಿಕ ಡೈವರುಗಳ ವಿಷಯ ಚಿಕ್ಕದು. ಹೀಲಿಯಂ ಗಾಳಿಗಿಂತ ಸುಮಾರು ಆರು ಪಟ್ಟು ಚೆನ್ನಾಗಿ ಶಾಖ ಸಾಗಿಸುವ ಗುಣದಿಂದಲೋ, ಅದರಲ್ಲಿ ಶಬ್ದ ಹೆಚ್ಚು ವೇಗವಾಗಿ ಸಾಗುವುದರಿಂದಲೋ ಅದರ ಪಾಲನ್ನು ಊಹಿಸುವ ಉಪಕರಣಗಳು ಅವರಿಗೆ ಬೇಕು. ಮಿಕ್ಕವರು ಆ ವೆಚ್ಚ ಮಾಡಬೇಕಿಲ್ಲ.

ಹೆಚ್ಚು ಚರ್ಚೆಯಾಗಬೇಕಾದದ್ದು, ಆಗದಿರುವುದು ಕಾರ್ಬನ್ ಮೊನಾಕ್ಸೈಡ್. ಇದಕ್ಕೆ ವಾಸನೆಯಿಲ್ಲ. ಕಂಪ್ರೆಸರಿನ ಗಾಳಿ ಎಳೆಯುವ ಬಾಯಿಗೆ ಎಂಜಿನ್ನಿನ ಹೊಗೆ ಸಿಕ್ಕರೂ, ಒಳಗಿನ ಎಣ್ಣೆ ಅತಿಯಾಗಿ ಕಾದು ಸುಟ್ಟರೂ ಸಿಲಿಂಡರಿಗೆ ಸೇರುತ್ತದೆ; ಹಿಮೋಗ್ಲೋಬಿನ್ ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಹೆಚ್ಚು ಬಿಗಿಯಾಗಿ ಇದನ್ನು ಹಿಡಿದುಕೊಳ್ಳುತ್ತದೆ. ನೆಲದ ಮೇಲೆ 10 ಪಿಪಿಎಂ (ದಶಲಕ್ಷದಲ್ಲಿ 10 ಪಾಲು) ಇದ್ದದ್ದು 40 ಮೀಟರ್ ಆಳದ 5 ಬಾರ್‌ನಲ್ಲಿ 50 ಪಿಪಿಎಂನಷ್ಟು ಪ್ರಬಲ. ಉಸಿರಾಟದ ಗಾಳಿಗೆ ಸಂಬಂಧಿಸಿದ ಯುರೋಪಿನ ಇಎನ್ 12021 ಮಾನದಂಡ 15 ಪಿಪಿಎಂ ಇದ್ದ ಮಿತಿಯನ್ನು 2014ರಲ್ಲಿ 5ಕ್ಕೆ ಇಳಿಸಿತು. ನೈಟ್ರಾಕ್ಸ್ ಮುಟ್ಟದೆ ಸಾಮಾನ್ಯ ಗಾಳಿಯಲ್ಲೇ ಇಳಿಯುವವರಿಗೆ, ನಮ್ಮ ನೇತ್ರಾಣಿ ದ್ವೀಪದಲ್ಲಿ ಮೊದಲ ಬಾರಿ ನೀರಿಗಿಳಿಯುವವರನ್ನು ಕರೆದೊಯ್ಯುವವರಿಗೂ, ಆಮ್ಲಜನಕದ ಉಪಕರಣಕ್ಕಿಂತ ಮೊದಲು ಬೇಕಾದದ್ದು ಇದನ್ನು ಅಳೆಯುವಂಥದು. ಸಿಲಿಂಡರ್ ತುಂಬಿಸುವವರೇ ಪರೀಕ್ಷಿಸಿರುತ್ತಾರೆ ಎಂಬ ಉತ್ತರ ಸಿದ್ಧವಾಗಿರುತ್ತದೆ. ಆದರೆ ಕೆಲವು ತಿಂಗಳಿಗೊಮ್ಮೆ ಪ್ರಯೋಗಾಲಯಕ್ಕೆ ಕಳಿಸಿದ ಮಾದರಿ ಆ ದಿನದ ಗಾಳಿಗೆ ಸಾಕ್ಷಿಯೇ ಹೊರತು, ಇಂದು ಬೆಳಿಗ್ಗೆ ದಿಕ್ಕು ಬದಲಿಸಿದ ಗಾಳಿ ಹೊತ್ತುತಂದ ಹೊಗೆಗೆ ಅಲ್ಲ. ಕೊಳ್ಳುವಾಗಲೂ ಒಂದು ಎಚ್ಚರ ಬೇಕು: ಕೆಟ್ಟ ಕಾರ್ಬನ್ ಮೊನಾಕ್ಸೈಡ್ ಸೆನ್ಸರ್ ಸೊನ್ನೆ ತೋರಿಸುತ್ತದೆ, ಶುದ್ಧ ಗಾಳಿಯೂ ಸೊನ್ನೆಯನ್ನೇ ತೋರಿಸುತ್ತದೆ. ಆದ್ದರಿಂದ ಪ್ರಮಾಣ ಗೊತ್ತಿರುವ ಪರೀಕ್ಷಾ ಅನಿಲವನ್ನು ಹಾಯಿಸಿ ನೋಡಲು ದಾರಿಯಿಲ್ಲದ ಉಪಕರಣ ಎಷ್ಟೇ ಅಗ್ಗವಾಗಿದ್ದರೂ ಅದನ್ನು ಅಂಗಡಿಯಲ್ಲೇ ಬಿಟ್ಟು ಬರುವುದು ಒಳ್ಳೆಯದು.