ಷರತ್ತು ಹೇಳಿಕೆ (ಪೈಥಾನ್)

ಷರತ್ತು ನಿಜವೋ ಸುಳ್ಳೋ ಎಂಬುದನ್ನು ಪರೀಕ್ಷಿಸಿ ಪ್ರೋಗ್ರಾಮಿನ ಮುಂದಿನ ಹೆಜ್ಜೆಯನ್ನು ನಿರ್ಧರಿಸುವ ಆದೇಶ. ಗೈಡೊ ವಾನ್ ರಾಸಮ್ 1991ರಲ್ಲಿ ಬಿಡುಗಡೆ ಮಾಡಿದ ಪೈಥಾನ್ ಭಾಷೆಯಲ್ಲಿ ಇದನ್ನು ಇಫ್, ಎಲಿಫ್, ಎಲ್ಸ್ ಪದಗಳಿಂದ ಬರೆಯುತ್ತಾರೆ.

ರಚನೆ: ಈ ಪದಗಳಿರುವ ಸಾಲು ಕೋಲನ್‌ನಿಂದ (:) ಮುಗಿಯಬೇಕು. ಅದರಡಿಯ ಆದೇಶಗಳನ್ನು ರೂಢಿಯಂತೆ 4 ಸ್ಪೇಸ್ ಒಳಸರಿಸಬೇಕು. ಬೆಲೆ ಕೊಡಲು =, ಹೋಲಿಸಲು == ಬಳಸಬೇಕು. ಮೇಲಿನಿಂದ ನೋಡುತ್ತ ಹೋದಾಗ ಮೊದಲು ನಿಜವಾದ ಷರತ್ತಿನ ಆದೇಶಗಳಷ್ಟೇ ನಡೆಯುತ್ತವೆ.

ಉದಾಹರಣೆ: ತುಮಕೂರು ಜಿಲ್ಲೆಯ 10 ತಾಲ್ಲೂಕುಗಳಲ್ಲಿ 4 ಮಧುಗಿರಿ ಶೈಕ್ಷಣಿಕ ಜಿಲ್ಲೆಗೆ, ಉಳಿದ 6 ತುಮಕೂರು ಶೈಕ್ಷಣಿಕ ಜಿಲ್ಲೆಗೆ ಸೇರಿವೆ. ಈ ವಿಂಗಡಣೆ ಹೀಗೆ:

ಇಫ್ ತಾಲ್ಲೂಕು ಇನ್ ["ಮಧುಗಿರಿ", "ಸಿರಾ", "ಕೊರಟಗೆರೆ", "ಪಾವಗಡ"]:
    ವಿಭಾಗ = "ಮಧುಗಿರಿ"
ಎಲ್ಸ್:
    ವಿಭಾಗ = "ತುಮಕೂರು"

ಸಾಮಾನ್ಯ ತಪ್ಪುಗಳು: ‘ಇಫ್ ತಾಲ್ಲೂಕು == "ಮಧುಗಿರಿ" ಆರ್ "ಸಿರಾ":’ ಎಂದು ಬರೆದರೆ ಗುಬ್ಬಿ, ತಿಪಟೂರುಗಳೂ ಮಧುಗಿರಿಗೆ ಸೇರಿಬಿಡುತ್ತವೆ. ಖಾಲಿಯಲ್ಲದ ಪದವನ್ನು ಪೈಥಾನ್ ನಿಜವೆಂದೇ ಎಣಿಸುವುದು ಇದಕ್ಕೆ ಕಾರಣ. ಮೇಲಿನ ಉದಾಹರಣೆಯಲ್ಲಿ ‘ಸಿರಾ’ ಬದಲು ‘ಶಿರಾ’ ಎಂದು ಟೈಪಿಸಿದರೆ ಅದು ಎಲ್ಸ್‌ಗೆ ಜಾರಿ ತುಮಕೂರು ಎಂಬ ತಪ್ಪು ಉತ್ತರ ಬರುತ್ತದೆ. ಆದ್ದರಿಂದ ಉಳಿದ 6 ಹೆಸರುಗಳನ್ನು ಎಲಿಫ್‌ನಲ್ಲಿಟ್ಟು, ಎಲ್ಸ್ ಅನ್ನು ದೋಷಸೂಚನೆಗೆ ಮೀಸಲಿಡುವುದು ಲೇಸು.

ಇಫ್, ಇನ್ ಮುಂತಾದ ಪದಗಳನ್ನು ರೋಮನ್ ಅಕ್ಷರಗಳಲ್ಲೇ ಟೈಪಿಸಬೇಕು. 2008ರ ಪೈಥಾನ್ 3.0ರಿಂದ ‘ವಿಭಾಗ’ದಂಥ ಹೆಸರುಗಳು ಕನ್ನಡದಲ್ಲೇ ಇರಬಹುದು.